ಗೋಡೆಯೊಳಗಿನ ಹಿತ್ತಿಲಿಗೆ ಸಾಧುಕೋಳಿ



ಹಳ್ಳಿಯ ಮನೆಗಳಲ್ಲಿ ಕೋಳಿ ಸಾಕಿದವರು ಅದರ ಬಣ್ಣವನ್ನು, ಮೊಟ್ಟೆಯ ಲೆಕ್ಕವನ್ನು, ಹುಂಜವಾದರೆ ಅದರ ತೂಕವನ್ನು ವಿಚಾರಿಸುತ್ತಿದ್ದರೇ ಹೊರತು ಸ್ವಭಾವವನ್ನು ವಿಚಾರಿಸುತ್ತಿದ್ದುದು ಅಪೂರ್ವ. ಏಕೆಂದರೆ ಬೆಳಗಾಗುತ್ತಲೇ ಮಂಕರಿ ಎತ್ತಿದೊಡನೆ ತಿಪ್ಪೆ, ಕಣ, ಬೇಲಿಯ ಸಾಲು, ನೆರೆಯವರ ಹಿತ್ತಿಲು ಎಂದು ಚದುರಿಹೋಗುತ್ತಿದ್ದ ಆ ಹಕ್ಕಿಗಳಲ್ಲಿ ಒಂದಕ್ಕೊಂದು ಆಗದೆ ಹೋದರೆ, ಸೋತದ್ದು ಓಡಿಹೋಗುವುದಕ್ಕೆ ಊರೆಲ್ಲ ತೆರೆದಿರುತ್ತಿತ್ತು. ಜಗಳಗಂಟಿಯೂ ಸಾಧುವೂ ಒಂದೇ ಮಂಕರಿಯಲ್ಲಿ ರಾತ್ರಿ ಕಳೆದು, ಹಗಲೆಲ್ಲ ಬೇರೆಬೇರೆಯಾಗಿ ಬಾಳುತ್ತಿದ್ದವು.

ಈಗ ಪಟ್ಟಣಗಳಲ್ಲಿ ಕೋಳಿ ಸಾಕುವ ಆಸೆ ಮತ್ತೆ ತಲೆಯೆತ್ತಿದೆ. ಆದರೆ ಹಿತ್ತಿಲು ಹಿಂದಿನದಲ್ಲ. ಮನೆಯ ಹಿಂಬದಿಗೂ ಕಾಂಪೌಂಡಿನ ಗೋಡೆಗೂ ನಡುವೆ ಉಳಿದ ಹತ್ತು ಹನ್ನೆರಡು ಅಡಿಯ ನೆಲಕ್ಕೆ, ಬೆಕ್ಕು, ಮುಂಗುಸಿ, ಹದ್ದುಗಳ ಭಯದಿಂದ ಸುತ್ತಲೂ ಮೇಲೂ ತಂತಿಬಲೆ ಬಿಗಿದು, ಒಳಗೆ ಐದಾರು ಹೇಂಟೆಗಳನ್ನು ಬಿಟ್ಟ ಗೃಹಸ್ಥನು, ಕೆಲವು ವಾರಗಳು ಕಳೆಯುವಷ್ಟರಲ್ಲಿ ಅವುಗಳಲ್ಲೊಂದರ ಬೆನ್ನು ಬೋಳಾಗಿ, ಬಾಲದ ಬುಡದಲ್ಲಿ ರಕ್ತ ಕಾಣಿಸಿಕೊಂಡು, ಅದು ಮೂಲೆಗೆ ಮುಖ ಮಾಡಿ ನಿಂತುಬಿಡುವುದನ್ನು ಕಂಡು, ರೋಗ ತಗಲಿತೋ ಎಂದು ಚಿಂತಿಸುವುದುಂಟು. ಮೇವಿನಲ್ಲಿ ಸಸಾರಜನಕ ಕಡಮೆಯಾದರೂ ಹೀಗಾಗುವುದು ನಿಜ. ಬೆಳಕು ಅತಿ ಪ್ರಖರವಾದರೂ, ಕೆದಕುವುದಕ್ಕೆ ಮಣ್ಣಿಲ್ಲದೆ ಹೊತ್ತು ಹೋಗದಿದ್ದರೂ ನಿಜ. ಆದರೆ ಎಷ್ಟೋ ವೇಳೆ ಕೇಡಿನ ಬೀಜ ಬಿದ್ದಿರುವುದು ಅದಕ್ಕೂ ಮೊದಲು, ಕೋಳಿಯನ್ನು ಆರಿಸಿ ತಂದ ದಿನ.

ಕೋಳಿಗಳ ಸಮಾಜದಲ್ಲಿ ಸಮಾನತೆಯೆಂಬುದಿಲ್ಲ. ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತ ಬಂದ ನಾರ್ವೆ ದೇಶದ ಪ್ರಾಣಿಶಾಸ್ತ್ರಜ್ಞ ಥೊರ್ಲೈಫ್ ಶೆಲ್ಡೆರುಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಒಂದು ಗುಂಪಿನ ಹೇಂಟೆಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದು, ಯಾವುದು ಯಾವುದಕ್ಕೆ ತಲೆಬಾಗಬೇಕು ಎಂಬ ಶ್ರೇಣಿಯೊಂದು ಏರ್ಪಟ್ಟಿರುತ್ತದೆಂದು ತೋರಿಸಿಕೊಟ್ಟನು. ಅಗ್ರಸ್ಥಾನದ ಹೇಂಟೆ ಎಲ್ಲವನ್ನೂ ಕುಕ್ಕುತ್ತದೆ, ಅದನ್ನು ಕುಕ್ಕುವವರಿಲ್ಲ. ಕೊನೆಯದನ್ನು ಎಲ್ಲವೂ ಕುಕ್ಕುತ್ತವೆ. ಕೇಳುವುದಕ್ಕೆ ಕ್ರೂರವಾಗಿ ಕಂಡರೂ ಈ ವ್ಯವಸ್ಥೆ ಶಾಂತಿಗಾಗಿಯೇ ಇರುವುದು: ಶ್ರೇಣಿ ಒಮ್ಮೆ ನಿಶ್ಚಯವಾಯಿತೆಂದರೆ ಮತ್ತೆ ಕಾದಾಡುವ ಪ್ರಮೇಯವಿಲ್ಲ, ಮೇಲಿನದು ಕತ್ತು ಎತ್ತಿ ನೋಡಿದರೆ ಸಾಕು, ಕೆಳಗಿನದು ನಾಲ್ಕು ಹೆಜ್ಜೆ ಸರಿದು ದಾರಿ ಬಿಡುತ್ತದೆ. ಇಲ್ಲಿ ನಮ್ಮ ಗಮನಕ್ಕೆ ಬರಬೇಕಾದುದು ಆ ನಾಲ್ಕು ಹೆಜ್ಜೆ. ಶರಣು ಬಂದೆನೆಂದು ಹೇಳಲು ಕೋಳಿಗೆ ಇರುವ ಭಾಷೆ ಸರಿದು ಹೋಗುವುದು. ಸರಿಯಲು ಎಡೆಯಿಲ್ಲದ ಪಂಜರದಲ್ಲಿ ಸೋತ ಹಕ್ಕಿ ಶರಣಾಗಲಾರದು, ಗೆದ್ದದ್ದು ಕ್ಷಮಿಸಲಾರದು. ಆದಕಾರಣ, ನೆಲ ಎಷ್ಟು ಕಿರಿದೋ ಅಷ್ಟರಮಟ್ಟಿಗೆ ಹುಟ್ಟುಗುಣವೇ ನೆಲದ ಕೊರತೆಯನ್ನು ತುಂಬಬೇಕಾಗುತ್ತದೆ.

ಹಾಗಾದರೆ ಸಾಧು ಎಂದರೆ ಯಾರಿಗೆ ಸಾಧು? ಮಾರುವವರು ಹಕ್ಕಿಯನ್ನು ತೋಳಿನ ಮೇಲೆ ಕೂರಿಸಿ, ಬೆನ್ನು ಸವರಿ, ಇದು ಮಗುವಿನಂತೆ ಎನ್ನುವುದು ವಾಡಿಕೆ. ಕೊಳ್ಳುವವರು ಅದನ್ನೇ ಪ್ರಮಾಣವೆಂದು ತಿಳಿಯುವುದೂ ವಾಡಿಕೆ. ಆದರೆ ಮನುಷ್ಯನಲ್ಲಿ ಸೌಮ್ಯವಾಗಿರುವುದು ಒಂದು ಗುಣ, ತನ್ನ ಜಾತಿಯಲ್ಲಿ ಸೌಮ್ಯವಾಗಿರುವುದು ಮತ್ತೊಂದು. ಇವೆರಡೂ ಒಂದೇ ಹಕ್ಕಿಯಲ್ಲಿ ಇರಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಆಂಧ್ರದೇಶದ ಪ್ರಸಿದ್ಧ ಅಸೀಲ್ ತಳಿಗಿಂತ ಉತ್ತಮವಾದ ನಿದರ್ಶನ ಬೇಕಾಗಿಲ್ಲ. ಎತ್ತರದ ನಿಲುವು, ಬಿಗಿದ ಮೈ, ದಿಟ್ಟ ನೋಟದ ಆ ಹುಂಜ ಸಾಕಿದವನ ಕೈಯಲ್ಲಿ ನಿಶ್ಚಿಂತೆಯಿಂದ ಕೂತಿರುತ್ತದೆ. ಅದೇ ಹುಂಜದ ಎದುರಿಗೆ ಮತ್ತೊಂದು ಹುಂಜ ಬಂದರೆ ಪ್ರಾಣವಿರುವವರೆಗೆ ಹಿಮ್ಮೆಟ್ಟುವುದಿಲ್ಲ. ಹೇಂಟೆಗಳೂ ಈ ವಿಷಯದಲ್ಲಿ ಹುಂಜಗಳಿಗೆ ಬಹಳ ಹಿಂದೆ ಬೀಳುವುದಿಲ್ಲ, ಎಳೆಯ ಮರಿಗಳೂ ಪರಸ್ಪರ ಕಾದುತ್ತವೆ. ಕೋಳಿ ಅಂಕಕ್ಕಾಗಿ ಹುಂಜಗಳ ಬಣ್ಣ, ದಿನ, ಗಳಿಗೆಗಳನ್ನು ನೋಡಲು ಕುಕ್ಕುಟ ಪಂಚಾಂಗವನ್ನೇ ರಚಿಸಿಕೊಂಡ ತುಳುನಾಡಿನ ಜನರಿಗೆ ಇದನ್ನು ನಾನು ಹೇಳಬೇಕಾದುದಿಲ್ಲ. ತಲೆಮಾರುಗಳ ಕಾಲ ಹಿಂಜರಿಯದಿರುವಿಕೆಯನ್ನೇ ಆರಿಸಿ ಬೆಳೆಸಿದ ಮೇಲೆ, ಅದನ್ನು ತಂತಿಬಲೆಯೊಳಗೆ ತಂದು ಹಿಂಜರಿಯೆಂದರೆ ಅದು ಹೇಗೆ ಕೇಳೀತು?

ಇನ್ನೊಂದು ಕೊನೆಯಲ್ಲಿರುವುದು ಇಟಲಿ ಮೂಲದ ಬಿಳಿ ಲೆಗ್‌ಹಾರ್ನ್. ವರ್ಷಕ್ಕೆ 250ಕ್ಕೂ ಮಿಕ್ಕಿ ಮೊಟ್ಟೆಯಿಡುವ ಈ ಹಗುರ ಮೈಯ ಹಕ್ಕಿ ಜಗಳಗಂಟಿಯೇನಲ್ಲ, ಭಯಸ್ಥ. ಪಾತ್ರೆ ಬಿದ್ದರೆ, ಛತ್ರಿ ಬಿಚ್ಚಿದರೆ ಹಾರಿ ಬಲೆಗೆ ಬಡಿದುಕೊಳ್ಳುತ್ತದೆ. ಒಂದು ಹಾರಿದರೆ ಉಳಿದವೂ ಹಾರುತ್ತವೆ. ಈ ಗಾಬರಿಯೂ ಇಕ್ಕಟ್ಟಿನಲ್ಲಿ ಕುಕ್ಕಾಟಕ್ಕೆ ತಿರುಗುವುದುಂಟು.

ನಮಗೆ ಬೇಕಾದ ಗುಣ ನೆಲೆಸಿರುವುದು ಬಹುಮಟ್ಟಿಗೆ ಭಾರದ ತಳಿಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಚೀನದಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಶ್ರೀಮಂತರಿಗೆ ಕೋಳಿಯ ಹುಚ್ಚು ಹಿಡಿಸಿದ ಕೊಚಿನ್ ತಳಿ, ಕಾಲಿನವರೆಗೂ ಗರಿ ಹೊದ್ದು, ಮೂರು ನಾಲ್ಕು ಕಿಲೋ ತೂಗುತ್ತ, ಹಾರುವ ಆಸೆಯನ್ನೇ ಬಿಟ್ಟ ಹಕ್ಕಿ; ಅದರ ಸೌಮ್ಯತೆ ಅನಂತರದ ಅನೇಕ ತಳಿಗಳಿಗೆ ಇಳಿದುಬಂದಿದೆ. 1886ರಲ್ಲಿ ಕೆಂಟ್ ಸೀಮೆಯ ಆರ್ಪಿಂಗ್‌ಟನ್ ಎಂಬ ಊರಿನಲ್ಲಿ ವಿಲಿಯಂ ಕುಕ್ ಎಂಬಾತನು ಮಿನೋರ್ಕ, ಲಾಂಗ್‌ಷಾನ್, ಪ್ಲಿಮತ್ ರಾಕ್ ತಳಿಗಳನ್ನು ಬೆರಸಿ ಊರ ಹೆಸರಿನಲ್ಲೇ ಬೆಳೆಸಿದ ಆರ್ಪಿಂಗ್‌ಟನ್, ಮನುಷ್ಯರಿಗೂ ಸಂಗಾತಿಗಳಿಗೂ ಸಾಧುವಾದದ್ದೆಂದು ಹೆಸರು ಪಡೆದಿದೆ. ಅದರ ಕರಿಯ ಶಾಖೆ ಆಸ್ಟ್ರೇಲಿಯಕ್ಕೆ ಹೋಗಿ, ಮೊಟ್ಟೆಯ ದೃಷ್ಟಿಯಿಂದ ಸಂಸ್ಕಾರಗೊಂಡು ಆಸ್ಟ್ರಲಾರ್ಪ್ ಆಯಿತು. 1922–23ರ ಸ್ಪರ್ಧೆಯೊಂದರಲ್ಲಿ ಇದರ ಆರು ಹೇಂಟೆಗಳು 365 ದಿನಗಳಲ್ಲಿ ಒಟ್ಟು 1857 ಮೊಟ್ಟೆಯಿಟ್ಟವು. ಸಾಧುವಾದರೆ ಮೊಟ್ಟೆ ಕಡಮೆಯೆಂಬ ಸಾಮಾನ್ಯ ನಂಬಿಕೆಗೆ ಇದು ದೊಡ್ಡ ಅಪವಾದ. ನಂಬಿಕೆ ಮಾತ್ರ ಪೂರ್ತಿ ಸುಳ್ಳಲ್ಲ. ಆರ್ಪಿಂಗ್‌ಟನ್, ಕೊಚಿನ್‌ಗಳಿಗೆ ಕಾವು ಕೂರುವ ಚಪಲ ಹೆಚ್ಚು. ಕೂತ ಹೇಂಟೆ ಮರಿ ಹೊರಬರುವ 21 ದಿನವೂ, ಆಮೇಲೆ ಮರಿ ಸಾಕುವಷ್ಟು ಕಾಲವೂ ಮೊಟ್ಟೆಯ ಮಾತೆತ್ತುವುದಿಲ್ಲ.

ಆದರೆ ಈ ಪರದೇಶಿ ಹಕ್ಕಿಗಳ ದಟ್ಟವಾದ ಗರಿ ಚಳಿಯ ನಾಡಿಗೆ ಹೊಲಿಸಿದ ಅಂಗಿ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಹುಮಟ್ಟಿಗೆ ಬಾಯಿ ತೆರೆದು ಏದುವುದರಿಂದಲೇ ಅದು ಮೈಯ ಉಷ್ಣವನ್ನು ಹೊರಹಾಕಬೇಕು. ಕೊಡಗು, ಚಿಕ್ಕಮಗಳೂರುಗಳಲ್ಲಿ, ನೆರಳು ನೀರು ಇದ್ದರೆ ಬೆಂಗಳೂರಿನಲ್ಲೂ, ಆರ್ಪಿಂಗ್‌ಟನ್ ಸುಖವಾಗಿರಬಹುದು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಗೋಡೆಯ ಕಾವೂ ಸೇರಿದ ಹಿತ್ತಿಲಿಗೆ ಅದನ್ನು ತರುವುದು, ನನ್ನ ಅಭಿಪ್ರಾಯದಲ್ಲಿ, ನಿರ್ದಯ. ಅಂಥ ಸೀಮೆಗೆ ಬೋಳು ಕುತ್ತಿಗೆಯ ಕೋಳಿಯನ್ನು ಯೋಚಿಸಬಹುದು. ನೋಡುವುದಕ್ಕೆ ವಿಕಾರವೆಂದು ಜನ ಮುಖ ತಿರುಗಿಸುವ ಈ ಹಕ್ಕಿಯಲ್ಲಿ ಒಂದು ವಂಶವಾಹಿಯ ಪ್ರಭಾವದಿಂದ ಕುತ್ತಿಗೆಯಲ್ಲಿ ಗರಿಯಿಲ್ಲ, ಮೈಯ ಮೇಲೂ ವಿರಳ, ಬಿಸಿಲಿಗೆ ತಕ್ಕದ್ದು.

ನಮ್ಮ ನಾಡಿನ ಸೃಷ್ಟಿಗಳಾದ ಗಿರಿರಾಜ, ಸ್ವರ್ಣಧಾರಾಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ, ಹಳ್ಳಿಯ ತೆರೆದ ಹಿತ್ತಿಲನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಗಿರಿರಾಜದ ಮೈ ಭಾರವಾದುದರಿಂದ ಬೆಕ್ಕು, ನಾಯಿಗಳಿಂದ ತಪ್ಪಿಸಿಕೊಳ್ಳಲು ಅದಕ್ಕೆ ಕಷ್ಟ. 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ ಅದಕ್ಕಿಂತ ಹಗುರ, ಚುರುಕು, ಮೊಟ್ಟೆಯಲ್ಲೂ ಮುಂದೆ. ಬಯಲಿಗೆ ಬಿಡುವವರು ಎರಡನೆಯದನ್ನು ಮೆಚ್ಚುವುದು ನ್ಯಾಯವೇ. ಆದರೆ ಶತ್ರುವನ್ನು ಬಲೆಯೇ ತಡೆಯುವಲ್ಲಿ ಓಡುವ ಚುರುಕಿನಿಂದ ಪ್ರಯೋಜನವೇನು? ಬಯಲಿನಲ್ಲಿ ದೋಷವೆನಿಸಿದ ಗಿರಿರಾಜದ ಭಾರ ಇಲ್ಲಿ ಗುಣವಾಗುತ್ತದೆ. ವರ್ಷಕ್ಕೆ 130ರಿಂದ 150ರವರೆಗೆ ಮೊಟ್ಟೆ ಸಾಕೆನ್ನುವ ಸಣ್ಣ ಸಂಸಾರಕ್ಕೆ, ಸುಲಭವಾಗಿ ದೊರೆಯುವ ಹಕ್ಕಿಗಳಲ್ಲಿ ನಾನು ಮೊದಲು ಹೆಸರಿಸುವುದು ಅದನ್ನೇ. ಬೆಲೆಯ ಕಾರಣದಿಂದ ಈಚೆಗೆ ಎಲ್ಲರ ಬಾಯಲ್ಲಿರುವ, ಮಧ್ಯಪ್ರದೇಶದ ಝಾಬುವಾ ಸೀಮೆಯ ಕಡಕ್‌ನಾಥ್ ಬಯಲಲ್ಲಿ ಅಲೆದು ತಿನ್ನುವ ಹಕ್ಕಿ. ಅದನ್ನು ಕಟ್ಟಿಹಾಕಬೇಕಾದ ಅಗತ್ಯ ನನಗೆ ಕಾಣದು.

ತಳಿಗಳನ್ನು ಬೆರಸುವ ಆಸೆಯನ್ನೂ ಬಿಡುವುದು ಲೇಸು. ರೇಷ್ಮೆಯಂಥ ಗರಿಯ ಸಿಲ್ಕಿ ಪರಮಸಾಧು, ಆದರೆ ಗಿರಿರಾಜದ ಜೊತೆಯಲ್ಲಿಟ್ಟರೆ ಅದರ ಸಾಧುತ್ವವೇ ಅದಕ್ಕೆ ಶತ್ರು. ಮಲೆನಾಡಿನ ಮಳೆಗೆ ಅದರ ಗರಿ ನೀರನ್ನು ಜಾರಿಸದೆ ಹೀರಿಕೊಳ್ಳುವುದು ಬೇರೆ ತೊಂದರೆ. ದೊಡ್ಡ ಜುಟ್ಟಿನ ತಳಿಗಳಿಗೆ ಪಕ್ಕದಿಂದ ಬರುವ ಕೊಕ್ಕು ಕಾಣುವುದಿಲ್ಲ. ಹುಂಜವಂತೂ ಬೇಡವೇ ಬೇಡ: ಹೇಂಟೆ ಮೊಟ್ಟೆಯಿಡಲು ಹುಂಜ ಬೇಕೆಂಬುದು ತಪ್ಪು ತಿಳಿವಳಿಕೆ, ಮರಿ ಬೇಕಾದಾಗ ಮಾತ್ರ ಅದರ ಅಗತ್ಯ, ಮೂರು ಗಂಟೆಯ ಕೂಗಿಗೆ ನೆರೆಯವರ ಸ್ನೇಹವನ್ನೇಕೆ ತೆರಬೇಕು?

ಆರಿಸಿದ ಮೇಲೆ, ಒಂದೇ ವಯಸ್ಸಿನ ನಾಲ್ಕೈದು ಹಕ್ಕಿಗಳನ್ನು ಒಂದೇ ಕಡೆಯಿಂದ ಒಂದೇ ಸಲ ತರಬೇಕು. ಒಟ್ಟಿಗೆ ಬೆಳೆದವು ತಮ್ಮ ಶ್ರೇಣಿಯನ್ನು ಎಳೆಯ ಕೊಕ್ಕಿನಲ್ಲೇ ತೀರ್ಮಾನಿಸಿಕೊಂಡಿರುತ್ತವೆ. ಗೂಡಿನೊಳಗೆ ಹಕ್ಕಿಯೊಂದಕ್ಕೆ ನಾಲ್ಕು ಚದರಡಿ, ಹೊರಗೆ ಹತ್ತು ಚದರಡಿ ಇರಲಿ. ಭಾರದ ತಳಿಗೆ ಕೂರುವ ಕೋಲು ಮೊಣಕಾಲೆತ್ತರ ಮೀರದಿರಲಿ, ಎತ್ತರದಿಂದ ಧುಮುಕಿದರೆ ಅಂಗಾಲು ಊದಿಕೊಳ್ಳುತ್ತದೆ. ಮುಂದೆ ಒಂದು ಸತ್ತು ಜಾಗ ತೆರವಾದರೆ ಒಂಟಿಯಾಗಿ ಹೊಸದನ್ನು ತಂದು ಬಿಡಬಾರದು. ಎರಡನ್ನು ತಂದು, ನಡುವೆ ಬಲೆಯಿಟ್ಟು, ಕೆಲವು ದಿನ ಪರಸ್ಪರ ನೋಡುವುದಕ್ಕೆ ಬಿಟ್ಟು, ಆಮೇಲೆ ಒಂದು ಸಂಜೆ ಕತ್ತಲಾದ ಮೇಲೆ ಹಳೆಯವುಗಳ ಪಕ್ಕದಲ್ಲಿ ಕೋಲಿನ ಮೇಲೆ ಕೂರಿಸಬೇಕು. ಬೆಳಗಿನ ಮೇವನ್ನು ಒಂದೇ ತಟ್ಟೆಯಲ್ಲಿಡದೆ ಎರಡು ಮೂರು ಕಡೆ ಚೆಲ್ಲಬೇಕು.