ಕೃತಜ್ಞತೆಯೂ ಗುಣುಗುಟ್ಟುವಿಕೆಯೂ

ನಮ್ಮ ಭಾಷೆಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುವ ಎರಡು ಪದಗಳಿವೆ: ಕೃತಜ್ಞ, ಕೃತಘ್ನ. ಬರವಣಿಗೆಯಲ್ಲಿ ಇವೆರಡಕ್ಕೂ ಇರುವ ಭೇದ ಒಂದೇ ಅಕ್ಷರದ್ದು. ಅರ್ಥದಲ್ಲಾದರೋ ಭೂಮ್ಯಾಕಾಶಗಳ ಅಂತರ. ತನಗಾದ ಉಪಕಾರವನ್ನು ಅರಿತವನು ಕೃತಜ್ಞನು. ಅದನ್ನು ಕೊಂದವನು ಕೃತಘ್ನನು. ಉಪಕಾರವನ್ನು ಕೊಲ್ಲುವುದಕ್ಕೆ ಆಯುಧವೇನೂ ಬೇಕಾಗಿಲ್ಲ; ಮರೆವೊಂದಿದ್ದರೆ ಸಾಕು. ಆದುದರಿಂದ ಕೃತಜ್ಞತೆಯೆಂಬುದು ಮನಸ್ಸು ಉಲ್ಲಾಸವಾಗಿರುವಾಗ ತಾನಾಗಿ ಹುಟ್ಟುವ ಭಾವ ಮಾತ್ರವಲ್ಲ. ಅದೊಂದು ಬಗೆಯ ಅರಿವು, ನೆನಪಿನ ಸತ್ಯಸಂಧತೆ. ದೇವರ ವಿಷಯದಲ್ಲಿ ಕ್ರೈಸ್ತರಾದ ನಾವು ಇದನ್ನು ಹೇಗೆ ಗ್ರಹಿಸಬೇಕೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಸತ್ಯವೇದದ ಅರಣ್ಯಕಾಂಡದಲ್ಲಿ ಒಂದು ಸಂದರ್ಭವುಂಟು. ಇಸ್ರಾಯೇಲ್ಯರು ಐಗುಪ್ತದೇಶದ ದಾಸ್ಯದಿಂದ ಬಿಡುಗಡೆ ಹೊಂದಿ ಅರಣ್ಯಮಾರ್ಗವಾಗಿ ನಡೆಯುತ್ತಿದ್ದಾರೆ. ಮನ್ನವೆಂಬ ಆಹಾರ ಅವರಿಗೆ ದೊರೆಯುತ್ತಿದೆ. ಆದರೂ ಅವರು ಗುಣುಗುಟ್ಟುತ್ತಾರೆ. ಐಗುಪ್ತದಲ್ಲಿ ಬಿಟ್ಟಿಯಾಗಿ ತಿಂದ ಮೀನು ಅವರ ನೆನಪಿಗೆ ಬರುತ್ತದೆ. ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳೂ ನೆನಪಿಗೆ ಬರುತ್ತವೆ. ಬಿಟ್ಟಿಯಾಗಿ ತಿಂದುದು ನೆನಪಿದ್ದವರಿಗೆ ಬಿಟ್ಟಿಯಾಗಿ ದುಡಿದುದು ಮರೆತುಹೋಗಿದೆ. ಇಟ್ಟಿಗೆ ಮಾಡಿಸಿದ ಅಧಿಕಾರಿಗಳೂ, ಬೆನ್ನಿನ ಮೇಲೆ ಬಿದ್ದ ಏಟುಗಳೂ, ನದಿಯ ಪಾಲಾದ ಗಂಡುಶಿಶುಗಳೂ ಆ ನೆನಪಿನೊಳಗಿಲ್ಲ. ಗುಣುಗುಟ್ಟುವಿಕೆಯ ಸ್ವಭಾವವೇ ಇದು. ಅದು ಸುಳ್ಳನ್ನು ಹೇಳುವುದಿಲ್ಲ. ಸತ್ಯದಲ್ಲಿ ಅರ್ಧವನ್ನು ನುಂಗಿ ಉಳಿದರ್ಧವನ್ನು ಹೇಳುತ್ತದೆ.

ಹಾಗಾದರೆ ನಿಜವಾಗಿಯೂ ನೋವಿನಲ್ಲಿರುವವನು ಬಾಯಿ ಮುಚ್ಚಿಕೊಂಡಿರಬೇಕೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆ ನ್ಯಾಯವಾದುದು. ಇದಕ್ಕೆ ಸತ್ಯವೇದವು ಕೊಡುವ ಉತ್ತರವೂ ಸ್ಪಷ್ಟವಾಗಿದೆ. ಇದೇ ಇಸ್ರಾಯೇಲ್ಯರು ಐಗುಪ್ತದಲ್ಲಿದ್ದಾಗ ನರಳಿ ಮೊರೆಯಿಟ್ಟರು. ಆ ಮೊರೆಯನ್ನು ದೇವರು ತಪ್ಪೆಂದೆಣಿಸಲಿಲ್ಲ, ಕಿವಿಗೊಟ್ಟು ಕೇಳಿದನು. ಕೀರ್ತನೆಗಳ ಗ್ರಂಥದಲ್ಲಿ ಅಳಲಿನ ಕೀರ್ತನೆಗಳು ಹಲವಾರು. ಯೇಸುಸ್ವಾಮಿಯೂ ಶಿಲುಬೆಯ ಮೇಲೆ ಕೂಗಿ ಹೇಳಿದುದು ಅಂಥ ಒಂದು ಕೀರ್ತನೆಯ ಮೊದಲ ಮಾತನ್ನೇ. ಮೊರೆ ಬೇರೆ, ಗುಣುಗುಟ್ಟುವಿಕೆ ಬೇರೆ. ಮೊರೆಯಿಡುವವನು ದೇವರ ಮುಖವನ್ನು ನೋಡಿ ಮಾತನಾಡುತ್ತಾನೆ. ಗುಣುಗುಟ್ಟುವವನು ಆತನಿಗೆ ಬೆನ್ನು ತಿರುಗಿಸಿ ನೆರೆಯವನ ಕಿವಿಯಲ್ಲಿ ಹೇಳುತ್ತಾನೆ. ಮೊದಲನೆಯದರಲ್ಲಿ ನಂಬಿಕೆಯುಂಟು, ಎರಡನೆಯದರಲ್ಲಿ ಅದು ಆಗಲೇ ಆರಿಹೋಗತೊಡಗಿದೆ.

ಅಪೊಸ್ತಲನಾದ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದ ಪತ್ರದಲ್ಲಿ, ಎಲ್ಲಾ ಸ್ಥಿತಿಗಳಲ್ಲಿಯೂ ದೇವರಿಗೆ ಸ್ತೋತ್ರಮಾಡಬೇಕೆಂದು ಬೋಧಿಸುತ್ತಾನೆ. ಇಲ್ಲಿ ಒಂದು ಸೂಕ್ಷ್ಮವಿದೆ. ದುಃಖದಲ್ಲಿರುವಾಗಲೂ ಸ್ತೋತ್ರಮಾಡುವುದು ಒಂದು. ದುಃಖಕ್ಕಾಗಿಯೇ ಸ್ತೋತ್ರಮಾಡುವುದು ಇನ್ನೊಂದು. ಮಗುವನ್ನು ಕಳೆದುಕೊಂಡ ತಾಯಿಯು ಆ ಸಾವಿಗಾಗಿ ವಂದನೆ ಹೇಳಬೇಕೆಂದು ಪೌಲನು ಈ ಮಾತಿನಲ್ಲಿ ವಿಧಿಸಲಿಲ್ಲ. ಆ ಕತ್ತಲೆಯಲ್ಲಿಯೂ ದೇವರು ಮಾಡಿದ ಉಪಕಾರವು ಅಳಿದುಹೋಗಿಲ್ಲವೆಂಬ ಅರಿವನ್ನು ಬಿಡಬಾರದೆಂಬುದೇ ಇದರ ತಾತ್ಪರ್ಯ.

ಈ ಅರಿವು ಎಂಥ ಪರೀಕ್ಷೆಯನ್ನು ತಾಳಬಲ್ಲುದೆಂಬುದಕ್ಕೆ ಮಾರ್ಟಿನ್ ರಿಂಕಾರ್ಟನ ಜೀವಿತವು ಸಾಕ್ಷಿ. ಈತನು 1586ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಐಲೆನ್‌ಬುರ್ಗ್ ಎಂಬ ಪಟ್ಟಣದಲ್ಲಿ ಹುಟ್ಟಿ, 1617ರಿಂದ ಅಲ್ಲಿಯೇ ಸಭಾಪಾಲಕನಾಗಿದ್ದನು. ಮರುವರ್ಷವೇ ಮೂವತ್ತು ವರ್ಷಗಳ ಯುದ್ಧವು ಆರಂಭವಾಯಿತು. ಪಟ್ಟಣಕ್ಕೆ ಕೋಟೆಗೋಡೆಯಿದ್ದುದರಿಂದ ಸುತ್ತಲಿನ ಹಳ್ಳಿಗಳ ಜನರು ಪ್ರಾಣಭಯದಿಂದ ಬಂದು ಅಲ್ಲಿ ತುಂಬಿಕೊಂಡರು. 1637ರಲ್ಲಿ ಮಹಾಮಾರಿಯು ತಲೆದೋರಿತು. ಜೊತೆಯ ಬೋಧಕರು ಇಲ್ಲದಾಗಿ, ಸತ್ತವರಿಗೆ ಸಂಸ್ಕಾರಮಾಡುವ ಹೊಣೆ ರಿಂಕಾರ್ಟನೊಬ್ಬನ ಮೇಲೆ ಬಿದ್ದಿತು. ಆತನು 4,000ಕ್ಕೂ ಹೆಚ್ಚು ಜನರ ಅಂತ್ಯಕ್ರಿಯೆಗಳನ್ನು ನಡೆಸಿದನು. ಆ ವರ್ಷವೇ ಆತನ ಹೆಂಡತಿಯೂ ತೀರಿಕೊಂಡಳು. ಮಾರಿಯ ಬೆನ್ನಹಿಂದೆಯೇ ಕ್ಷಾಮವು ಬಂದಾಗ ಆತನು ತನ್ನಲ್ಲಿದ್ದುದನ್ನು ಹಸಿದವರಿಗೆ ಹಂಚಿದನು.

ಇಂಥ ಮನುಷ್ಯನು ರಚಿಸಿದ ಸ್ತೋತ್ರಗೀತವೇ ‘ನುನ್ ದಾಂಕೆಟ್ ಆಲ್ಲೆ ಗೊಟ್’ ಎಂಬುದು. ಯುದ್ಧವು ಮುಗಿದ ಸಂತೋಷದಲ್ಲಿ ಇದನ್ನು ಬರೆದನೆಂದು ಹೇಳುವವರುಂಟು. ಆದರೆ ಶಾಂತಿಯ ಒಪ್ಪಂದಗಳಾದುದು 1648ರಲ್ಲಿ. ಯೋಹಾನ್ ಕ್ರೂಗರನ ಗೀತಸಂಗ್ರಹದಲ್ಲಿ ಈ ಗೀತವು 1647ರಲ್ಲಿಯೇ ಅಚ್ಚಾಗಿತ್ತು. ಶಾಂತಿಯು ಬರುವುದಕ್ಕೆ ಮೊದಲೇ ವಂದನೆಯು ಸಿದ್ಧವಾಗಿತ್ತೆಂದಾಯಿತು. ಇನ್ನೂ ವಿಶೇಷವೆಂದರೆ, ರಿಂಕಾರ್ಟನು ಇದನ್ನು ಮಹೋತ್ಸವಕ್ಕಾಗಿ ಬರೆದವನಲ್ಲ. ಮನೆಯವರು ಊಟಕ್ಕೆ ಕುಳಿತಾಗ ಹೇಳಿಕೊಳ್ಳುವ ಸಣ್ಣ ಪ್ರಾರ್ಥನೆಯಾಗಿ ಬರೆದನು. ರೊಟ್ಟಿಯ ತುಂಡಿನ ಮುಂದೆ ದಿನದಿನವೂ ಕಲಿತ ಪಾಠವೇ ಗೋರಿಗಳ ನಡುವೆ ನಿಂತಾಗ ಆಸರೆಯಾಗುವುದು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ಅವರೊಡನೆ ಬಂದುದು ಇಂಥ ಗೀತಗಳ ಪರಂಪರೆಯೇ. ಕನ್ನಡನಾಡಿನ ಕ್ರೈಸ್ತಸಭೆಗಳಿಗೂ ಅದರ ಋಣವುಂಟು.

ಆದರೆ ಒಂದು ಎಚ್ಚರಿಕೆ ಅಗತ್ಯ. ಕೃತಜ್ಞತೆಯು ನಮಗೆ ನಾವೇ ಹೇಳಿಕೊಳ್ಳಬೇಕಾದ ಪಾಠ. ಹಸಿದವನ ಬಾಯಿಗೆ ಹಾಕುವ ಬೀಗವಲ್ಲ. ಹೊಟ್ಟೆ ತುಂಬಿದವನು ಬರಿಗೈಯವನಿಗೆ ‘ಸ್ತೋತ್ರಮಾಡು’ ಎಂದು ಉಪದೇಶಿಸಿ ಹೊರಟುಹೋದರೆ ಅದು ಭಕ್ತಿಯಲ್ಲ, ಕಾಠಿಣ್ಯ. ರಿಂಕಾರ್ಟನು ಹಾಡನ್ನು ಕೊಟ್ಟನು, ಅನ್ನವನ್ನೂ ಕೊಟ್ಟನು.

ಯೇಸುಸ್ವಾಮಿಯು ತನ್ನನ್ನು ಹಿಡಿದುಕೊಡುವ ರಾತ್ರಿಯಲ್ಲಿ ರೊಟ್ಟಿಯನ್ನು ತೆಗೆದುಕೊಂಡು ದೇವರಿಗೆ ಸ್ತೋತ್ರಮಾಡಿ ಮುರಿದು ಶಿಷ್ಯರಿಗೆ ಕೊಟ್ಟನು. ಮುಂದೆ ಬರಲಿರುವುದನ್ನು ಅರಿತೇ ಆತನು ಹಾಗೆ ಮಾಡಿದನು. ಆ ಭೋಜನದ ಸ್ಮರಣೆಗೆ ಯೂಖರಿಸ್ತವೆಂಬ ಹೆಸರು ಬಂದುದು ಇದರಿಂದಲೇ. ಸ್ತೋತ್ರ, ವಂದನೆ ಎಂಬುದೇ ಆ ಗ್ರೀಕ್ ಪದದ ಅರ್ಥ. ಅದೇ ರಾತ್ರಿ ತೋಟದಲ್ಲಿ ಆತನು ಸಂಕಟದಿಂದ ಮೊರೆಯನ್ನೂ ಇಟ್ಟನು. ಸ್ತೋತ್ರವೂ ಮೊರೆಯೂ ಒಂದೇ ರಾತ್ರಿ ಒಂದೇ ಬಾಯಿಂದ ಹೊರಟವು. ಗುಣುಗುಟ್ಟುವ ಮಾತೊಂದೂ ಹೊರಡಲಿಲ್ಲ. ನಮ್ಮ ಊಟದೆಲೆಯ ಮುಂದೆ ಕುಳಿತಾಗ ನಾವು ಕೈಮುಗಿದು, ಆ ದಿನ ಪಡೆದುದರಲ್ಲಿ ಒಂದನ್ನಾದರೂ ಹೆಸರಿಸಿ ದೇವರನ್ನು ವಂದಿಸೋಣ. ನೋವಿದ್ದರೆ ಅದನ್ನೂ ಆತನಿಗೇ ಹೇಳಿಕೊಳ್ಳೋಣ.