ಹೊತ್ತು ದೇವರದು, ಕೆಲಸ ನಮ್ಮದು



ಬೀಜ ಬಿತ್ತಿ ಮುಗಿಲು ನೋಡುವುದು ಆದವಾನಿ, ರಾಯದುರ್ಗದ ಕಡೆಯ ನಿಮಗೆ ಹೊಸದಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನೀವು ಎರಡೂ ಮಾತಿನಲ್ಲಿ ಕೇಳುವ ಪ್ರಶ್ನೆ ಒಂದೇ: “ದೇವರೇ, ಇನ್ನೆಷ್ಟು ದಿನ?” ಎಲ್ಲಕ್ಕೂ ದೇವರ ಸಮಯವೆಂಬುದು ಇದೆ ಎಂದು ಕ್ರೈಸ್ತ ವಿಶ್ವಾಸಿಗಳು ಹೇಳುತ್ತಾರೆ. ಹಾಗೆಂದರೆ ಕೈಕಟ್ಟಿ ಕೂರಬೇಕೇ? ಕನ್ನಡದ ಪುಸ್ತಕವೊಂದಕ್ಕೆ ಸಂಬಂಧಿಸಿದ ಹಳೆಯ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ, ಕೇಳಿ.

1812ರ ಮಾರ್ಚ್ 11ರ ಸಂಜೆ. ಬಂಗಾಳದ ಸೆರಾಂಪುರದಲ್ಲಿ ಪಾದ್ರಿ ವಿಲಿಯಂ ಕೇರಿ ಮತ್ತು ಅವರ ಜೊತೆಗಾರರು ನಡೆಸುತ್ತಿದ್ದ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೇರಿಯವರು ಆಗ ಕಲ್ಕತ್ತೆಯಲ್ಲಿದ್ದರು. ರಾಶಿ ರಾಶಿ ಕಾಗದ, ಹಲವು ಭಾಷೆಗಳ ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಕುಳಿತು ಬರೆದ ಹಸ್ತಪ್ರತಿಗಳು ಬೂದಿಯಾದವು. ಅವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಅನುವಾದವೂ ಇತ್ತು.

ಅದು ದೇವರ ಕೆಲಸವೇ ಆಗಿದ್ದರೆ ದೇವರು ಏಕೆ ಉಳಿಸಲಿಲ್ಲ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಎದುರು ನಿಂತು “ಎಲ್ಲಾ ಒಳ್ಳೆಯದಕ್ಕೇ” ಎನ್ನುವುದು ವಿಶ್ವಾಸವಲ್ಲ, ಅವಸರದ ಮಾತು. ಯೇಸುಸ್ವಾಮಿಯೇ ಗೆತ್ಸೆಮನೆಯ ತೋಟದಲ್ಲಿ ದುಃಖಪಟ್ಟು, ಬರಲಿರುವ ಕಷ್ಟ ತಪ್ಪಲಿ ಎಂದು ಬೇಡಿಕೊಂಡರು. ಬೇಡಿಕೊಂಡ ಮೇಲೆ ತಮ್ಮನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದರು. ಅಳುವವನೂ ನಂಬಬಲ್ಲ.

ಸೆರಾಂಪುರದವರೂ ಅತ್ತರು. ಆಮೇಲೆ ಬೂದಿ ಕೆದಕಿದರು. ಮೊಳೆಗಳು ಕರಗಿ ಗಟ್ಟಿಯಾಗಿದ್ದವು. ಆದರೆ ಅಕ್ಷರದ ರೂಪ ಕೊರೆದ ಉಕ್ಕಿನ ಅಚ್ಚುಗಳು ಕೆಡದೆ ಉಳಿದಿದ್ದವು. ಮುದ್ರಣ ಯಂತ್ರಗಳೂ ಉಳಿದಿದ್ದವು. ಕರಗಿದ ಲೋಹದಿಂದಲೇ ಹೊಸ ಮೊಳೆ ಎರಕ ಹೊಯ್ದರು. ಸುದ್ದಿ ತಲುಪಿದಾಗ ಇಂಗ್ಲೆಂಡಿನ ಜನ ಹಣ ಕೂಡಿಸಿ ಕಳುಹಿಸಿದರು. ಐವತ್ತು ದಾಟಿದ್ದ ಕೇರಿಯವರು ಕಳೆದುಹೋದ ಬರಹಗಳನ್ನು ಮತ್ತೆ ಬರೆಯಲು ಕುಳಿತರು.

ಇತ್ತ ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯೂ ಕನ್ನಡ ಕಲಿತು ಅದೇ ಕೆಲಸಕ್ಕೆ ಕೈಹಚ್ಚಿದ್ದರು. ನಿಮ್ಮ ಆದವಾನಿ, ರಾಯದುರ್ಗಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವಲ್ಲವೇ? 1820ರ ದಶಕದ ಮೊದಲ ವರ್ಷಗಳಲ್ಲಿ ಸೆರಾಂಪುರದ ಅನುವಾದವೂ ಬಳ್ಳಾರಿಯ ಅನುವಾದವೂ ಅಚ್ಚಾಗಿ ಬಂದವು. ಸುಟ್ಟದ್ದು ಒಂದು, ಬಂದದ್ದು ಎರಡು. ಬೆಂಕಿ ಬಿದ್ದ ರಾತ್ರಿ ಇದನ್ನು ಯಾರೂ ಕಾಣಲಾರರು.

ಬಾಂಧವರೇ, ಹುಟ್ಟಿಸಿದ ದೇವರು ಹುಲ್ಲು ಮೇಯಿಸನು ಎಂಬ ಗಾದೆ ನಿಮಗೆ ಗೊತ್ತು. ಆದರೂ ಹಾಗೆ ನಂಬಿದ ರೈತ ಮಳೆ ತಡವಾದರೆ ಕುಂಟೆ, ಕೂರಿಗೆ ಸರಿಮಾಡಿಕೊಳ್ಳುತ್ತಾನೆ. ಮಳೆ ಕೈಕೊಟ್ಟರೆ ಉಳಿದ ಬೀಜವನ್ನು ಜೋಪಾನ ಮಾಡುತ್ತಾನೆ. ದೇವರ ಸಮಯಕ್ಕೆ ಕಾಯುವುದೆಂದರೆ ಇದೇ. ಏಕೆ ಹೀಗಾಯಿತು ಎಂಬುದಕ್ಕೆ ಉತ್ತರ ಸಿಗದ ದಿನವೂ ಒಂದು ಕೆಲಸ ನಮ್ಮ ಕೈಯಲ್ಲಿರುತ್ತದೆ: ಬೂದಿಯಲ್ಲಿ ಏನು ಉಳಿದಿದೆ ಎಂದು ನೋಡುವುದು. ಇಂದು ಅಷ್ಟನ್ನು ಮಾಡಿ, ನಾಳೆಯದನ್ನು ಅವನಿಗೆ ಬಿಡೋಣ.