ಪೊಲೀಸರು ಕಾನೂನು ಮುರಿದಾಗ ಕೇಳುವವರು ಯಾರು?

(ತಾಲ್ಲೂಕು ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಪೊಲೀಸ್ ಠಾಣೆ ಅಂದರೆ ನಮ್ಮ ಕೇರಿಗಳಲ್ಲಿ ಏನರ್ಥ ಅಂತ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಊರಿನಲ್ಲಿ ಒಂದು ಕುರಿ ಕಳುವಾದರೂ, ಪಂಪ್‌ಸೆಟ್ಟಿನ ಕೇಬಲ್ ಕಾಣೆಯಾದರೂ ಜೀಪು ಮೊದಲು ಬಂದು ನಿಲ್ಲೋದು ನಮ್ಮ ಹಟ್ಟಿ ಮುಂದೆ. ‘ಸುಮ್ನೆ ವಿಚಾರಣೆಗೆ’ ಅಂತ ಕರಕೊಂಡು ಹೋಗ್ತಾರೆ. ಆ ವಿಚಾರಣೆಗೆ ದಾಖಲೆ ಇಲ್ಲ, ದಿನಾಂಕ ಇಲ್ಲ, ಯಾರ ಸಹಿಯೂ ಇಲ್ಲ. ಮೂರು ದಿನ ಬಿಟ್ಟು ಕುಂಟುತ್ತಾ ಬಂದ ಹುಡುಗನನ್ನು ಕೇಳಿದರೆ ‘ಬಿದ್ದೆ’ ಅಂತಾನೆ. ಕಾನೂನು ಕಾಯಬೇಕಾದವನೇ ಕಾನೂನು ಮುರಿದರೆ ಅವನನ್ನು ಕೇಳೋದು ಹೇಗೆ ಅನ್ನೋದೇ ಇವತ್ತಿನ ಮಾತು.

2021ರ ಮೇ 10ರಂದು ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಗೆ ಒಬ್ಬ ದಲಿತ ಯುವಕನನ್ನು ಕರೆದೊಯ್ದರು. ಅವನ ದೂರಿನ ಪ್ರಕಾರ ಅಲ್ಲಿ ಅವನನ್ನು ಹೊಡೆದರು, ಜಾತಿ ಹಿಡಿದು ಬೈದರು. ಬಾಯಾರಿ ನೀರು ಕೇಳಿದಾಗ, ಅಲ್ಲೇ ಹಿಡಿದಿಟ್ಟಿದ್ದ ಇನ್ನೊಬ್ಬನಿಂದ ಉಚ್ಚೆ ಹೊಯ್ಯಿಸಿ ನೆಕ್ಕಿಸಿದರು. ಮಹಾಡದ ಕೆರೆಯ ನೀರು ಮುಟ್ಟಲು ಬಾಬಾಸಾಹೇಬರು ನಮ್ಮ ಜನರನ್ನು ನಡೆಸಿಕೊಂಡು ಹೋದದ್ದು 1927ರಲ್ಲಿ. ತೊಂಬತ್ತನಾಲ್ಕು ವರ್ಷ ಕಳೆದ ಮೇಲೆ, ಸರ್ಕಾರದ್ದೇ ಕಟ್ಟಡದೊಳಗೆ, ನೀರು ಕೇಳಿದವನಿಗೆ ಸಿಕ್ಕಿದ್ದು ಇದು ಅನ್ನೋದು ಆ ದೂರು.

ಆರೋಪ ಇದ್ದದ್ದು ಠಾಣೆಯ ಸಬ್‌ಇನ್ಸ್‌ಪೆಕ್ಟರ ಮೇಲೆ. ಆ ಆರೋಪ ಕೋರ್ಟಿನಲ್ಲೇ ರುಜುವಾತಾಗಬೇಕು, ತೀರ್ಪು ಕೊಡೋದು ನಮ್ಮ ಕೆಲಸವಲ್ಲ. ನಾವು ನೋಡಬೇಕಾದ್ದು ದಿನಗಳ ಲೆಕ್ಕ. ಆ ಹುಡುಗ ಗೃಹಮಂತ್ರಿಗೆ, ಪೊಲೀಸ್ ಮಹಾನಿರ್ದೇಶಕರಿಗೆ ಕಾಗದ ಬರೆದ. ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೇಸು ದಾಖಲಾಯಿತು, ಅಧಿಕಾರಿ ಸಸ್ಪೆಂಡಾದ, ತನಿಖೆ ಸಿ.ಐ.ಡಿ.ಗೆ ಹೋಯಿತು. ಬಂಧನವಾದದ್ದು ಸೆಪ್ಟೆಂಬರ್ ತಿಂಗಳಲ್ಲಿ. ನಮ್ಮ ಹುಡುಗನ ಮೇಲೆ ಯಾರಾದರೂ ಬಾಯಿಮಾತಿನ ದೂರು ಕೊಟ್ಟರೆ ಅದೇ ಹೊತ್ತಿಗೆ ಜೀಪು ಬರುತ್ತೆ. ಠಾಣೆಯ ಅಧಿಕಾರಿಯ ಮೇಲೆ ಬಂದ ದೂರಿಗೆ ಸುಮಾರು ನಾಲ್ಕು ತಿಂಗಳು. ಆ ಕಾಗದವೊಂದು ಇಲ್ಲದೇ ಹೋಗಿದ್ದರೆ? ‘ಬಿದ್ದೆ’ ಅಂತ ಹೇಳಿಕೊಂಡು ಮನೇಲಿ ಕೂತಿರಬೇಕಾಗ್ತಿತ್ತು.

ಈ ಕಾಗದದ ಮಾತು ನಾವು ಸುಮ್ಮನೆ ಎತ್ತಲಿಲ್ಲ. ಒರಿಸ್ಸಾದಲ್ಲಿ 1987ರ ಡಿಸೆಂಬರ್ 1ರಂದು ನೀಲಾವತಿ ಬೆಹೆರಾ ಅನ್ನೋ ತಾಯಿಯ 22 ವರ್ಷದ ಮಗನನ್ನು ಪೊಲೀಸರು ಹಿಡಕೊಂಡು ಹೋದರು. ಮಾರನೇ ದಿನ ರೈಲು ಹಳಿಯ ಮೇಲೆ ಹೆಣ. ರಾತ್ರಿ ತಪ್ಪಿಸಿಕೊಂಡು ಓಡಿದ, ರೈಲಿಗೆ ಸಿಕ್ಕಿದ ಅಂದರು ಪೊಲೀಸರು. ಆ ತಾಯಿ 1988ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಳು. ವಕಾಲತ್ತಿಲ್ಲ, ಸ್ಟಾಂಪು ಕಾಗದವಿಲ್ಲ, ಬರೀ ಪತ್ರ. ಕೋರ್ಟು ಅದನ್ನೇ ರಿಟ್ ಅರ್ಜಿ ಅಂತ ತಗೊಂಡಿತು. ಪೊಲೀಸರ ರೈಲಿನ ಕಥೆಯನ್ನು ನಂಬಲಿಲ್ಲ. 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಆಜ್ಞೆ ಮಾಡಿತು. ಆದರೆ ಆ ದುಡ್ಡು ಬಂದದ್ದು ಹೊಡೆದವನ ಸಂಬಳದಿಂದಲ್ಲ, ಸರ್ಕಾರದ ಬೊಕ್ಕಸದಿಂದ. ಅಂದರೆ ಬೆಂಕಿಪೆಟ್ಟಿಗೆ ಕೊಂಡರೂ ತೆರಿಗೆ ಕಟ್ಟುವ ನಮ್ಮ ನಿಮ್ಮ ಜೇಬಿನಿಂದ!

1986ರ ಆಗಸ್ಟಿನಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಲಾಕಪ್ ಸಾವುಗಳ ಬಗ್ಗೆ ಬರೆದದ್ದೂ ಒಂದು ಪತ್ರವೇ. ಅದರಿಂದ 1996ರ ಡಿಸೆಂಬರ್ 18ರ ತೀರ್ಪು ಬಂತು, ಹನ್ನೊಂದು ಸೂಚನೆಗಳು ಬಂದವು. ಬಂಧಿಸುವ ಪೊಲೀಸನ ಎದೆ ಮೇಲೆ ಹೆಸರು ಕಾಣಬೇಕು. ಬಂಧಿಸಿದ ಜಾಗದಲ್ಲೇ ದಿನ, ಹೊತ್ತು ಬರೆದ ಪತ್ರ ತಯಾರಾಗಬೇಕು, ಬಂಧಿತನೂ ಒಬ್ಬ ಸಾಕ್ಷಿಯೂ ಸಹಿ ಮಾಡಬೇಕು. ಮನೆಯವರಿಗೆ ತಿಳಿಸಬೇಕು. ಕಸ್ಟಡಿಯಲ್ಲಿ ಇರುವಷ್ಟು ಕಾಲ 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು. ಮೀರಿದವನಿಗೆ ಇಲಾಖೆಯ ಶಿಕ್ಷೆ ಒಂದೇ ಅಲ್ಲ, ನ್ಯಾಯಾಲಯ ನಿಂದನೆಯೂ ಆಗುತ್ತೆ.

ಈ ಸಾಕ್ಷಿಯ ವಿಷಯದಲ್ಲಿ ಒಂದು ಮಾತು. ಮನೆಯವರೊಬ್ಬರು, ಇಲ್ಲವೇ ಆ ಪ್ರದೇಶದ ‘ಗೌರವಾನ್ವಿತ ವ್ಯಕ್ತಿ’ ಸಹಿ ಮಾಡಬಹುದು ಅಂತಿದೆ. ನಮ್ಮೂರುಗಳಲ್ಲಿ ಪೊಲೀಸರ ಕಣ್ಣಿಗೆ ಗೌರವಾನ್ವಿತ ಅಂದರೆ ಯಾರು? ದೂರು ಕೊಟ್ಟ ಜಮೀನ್ದಾರನ ಅಣ್ಣನೋ ತಮ್ಮನೋ! ಕೂಲಿ ಮಾಡುವ ಅವ್ವ ಗೌರವಾನ್ವಿತಳಲ್ಲವಾ? ಅದಕ್ಕೇ ಹೇಳ್ತೀವಿ, ‘ನಾವು ಮನೆಯವರು, ಸಾಕ್ಷಿಯ ಸಹಿ ನಾವೇ ಹಾಕ್ತೀವಿ’ ಅಂತ ಜೀಪಿನ ಹತ್ತಿರವೇ ಕೇಳಿ. ಓದಿಸಿ ಕೇಳದೆ ಹೆಬ್ಬೆಟ್ಟು ಮಾತ್ರ ಒತ್ತಬೇಡಿ.

ಇನ್ನು 24 ಗಂಟೆಯ ವಿಷಯ. ಬಂಧಿಸಿದವನನ್ನು, ದಾರಿಯ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತೆ. ಇದು ಮೊದಲ ಕರಡಿನಲ್ಲಿ ಇರಲಿಲ್ಲ. 1949ರ ಸೆಪ್ಟೆಂಬರ್ 15ರಂದು, ಸಂವಿಧಾನ ರಚನಾ ಸಭೆಯ ಕೆಲಸ ಮುಗಿಯುತ್ತಾ ಬಂದಿದ್ದಾಗ, ಬಾಬಾಸಾಹೇಬರೇ ಇದನ್ನು 15ಎ ಅಂತ ತಂದು ಸೇರಿಸಿದರು. ನಮ್ಮವರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ‘ಹೊಡೆದರಾ?’ ಅಂತ ಕೇಳ್ತಾರೆ. ಹಿಂದೆ ಪೇದೆ ನಿಂತಿರ್ತಾನೆ. ಹುಡುಗ ‘ಇಲ್ಲ ಸ್ವಾಮಿ’ ಅಂತಾನೆ. ಅಲ್ಲಿಗೆ ಮುಗೀತು. ಅಂಗಿ ಬಿಚ್ಚಿ ಬೆನ್ನು ತೋರಿಸೋದಕ್ಕೆ ಧೈರ್ಯ ಬೇಕಾದರೆ ಕೋರ್ಟಿನ ಹಾಲಿನಲ್ಲಿ ನಾವು ಇಪ್ಪತ್ತು ಜನ ಕಾಣ್ತಾ ಕೂತಿರಬೇಕು.

ಸರಿ, ದೂರು ಕೊಟ್ಟೆವು. ಆಮೇಲೆ? ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಂ ಅಡ್ಡ ಬರುತ್ತೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ಕೇಸು ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು ಅಂತ ಅದು. 2020ರ ಜೂನಿನಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಧಿಕಾರಿ ಮಿತಿ ಮೀರಿದ್ದರೂ ಆ ಕೆಲಸಕ್ಕೂ ಕರ್ತವ್ಯಕ್ಕೂ ಸಂಬಂಧ ಇದ್ದರೆ ಅನುಮತಿ ಬೇಕು ಅಂತ ಹೇಳಿ, ಹಿರಿಯ ಅಧಿಕಾರಿಯ ಮೇಲಿನ ಕೇಸು ರದ್ದು ಮಾಡಿತು. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಈ ರಕ್ಷಣೆ ಇಲ್ಲ ಅಂತಲೂ ಹೇಳಿದೆ. ನಮ್ಮ ವಾದ ನಿಲ್ಲಬೇಕಾದ್ದು ಅಲ್ಲೇ. ಕಳ್ಳನನ್ನು ಹಿಡಿಯೋದು ಕರ್ತವ್ಯ, ಒಪ್ಪಿದೆವು. ಉಚ್ಚೆ ನೆಕ್ಕಿಸೋದು ಯಾವ ಕರ್ತವ್ಯಕ್ಕೆ ಸಂಬಂಧಪಟ್ಟದ್ದು? ತಿನ್ನಬಾರದ್ದನ್ನು, ಕುಡಿಯಬಾರದ್ದನ್ನು ಬಲವಂತ ಮಾಡಿ ಬಾಯಿಗೆ ಹಾಕೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ದೂರು ತಗೊಳ್ಳದೆ ಸತಾಯಿಸೋ ಅಧಿಕಾರಿಗೂ ಅದೇ ಕಾಯ್ದೆಯ 4ನೇ ಕಲಂನಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಶಿಕ್ಷೆ ಇದೆ. ದೂರನ್ನು ಓದಿ ಹೇಳಿಯೇ ಸಹಿ ತಗೋಬೇಕು, ಎಫ್.ಐ.ಆರ್. ಪ್ರತಿ ಕೊಡಬೇಕು ಅನ್ನೋದೂ ಅಲ್ಲೇ ಇದೆ.

ಲಾಕಪ್ಪಿನಲ್ಲಿ ನಡೆದದ್ದಕ್ಕೆ ಸಾಕ್ಷಿ ಪೊಲೀಸರೇ. ಅವರು ಅವರವರನ್ನು ಬಿಟ್ಟುಕೊಡೋದಿಲ್ಲ. ಕಸ್ಟಡಿಯಲ್ಲಿ ಗಾಯವಾದರೆ ಪೊಲೀಸರೇ ಮಾಡಿದ್ದು ಅಂತ ಕೋರ್ಟು ಊಹಿಸಿಕೊಳ್ಳಲು ಅವಕಾಶ ಕೊಡಿ ಅಂತ ಕಾನೂನು ಆಯೋಗ 1985ರಲ್ಲೇ, ತನ್ನ 113ನೇ ವರದಿಯಲ್ಲಿ, ಶಿಫಾರಸು ಮಾಡಿತ್ತು. 2023ರಲ್ಲಿ ಸಾಕ್ಷ್ಯ ಕಾಯ್ದೆಯನ್ನೇ ಹೊಸದಾಗಿ ಬರೆದರಲ್ಲ, ಆಗಲೂ ಇದನ್ನು ಸೇರಿಸಲಿಲ್ಲ. ಹೆಸರು ಬದಲಾಯಿಸೋಕೆ ಪುರುಸೊತ್ತಿತ್ತು, ಇದಕ್ಕೆ ಇರಲಿಲ್ಲ.

ಹಾಗಾಗಿ ಈಗ ಉಳಿದಿರೋದು ಕ್ಯಾಮೆರಾ. 2020ರ ಡಿಸೆಂಬರ್ 2ರ ತೀರ್ಪಿನಂತೆ ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆ, ಇನ್ಸ್‌ಪೆಕ್ಟರ ಕೋಣೆ ಎಲ್ಲ ಕಡೆ ಮಾತೂ ಕೇಳುವ ಕ್ಯಾಮೆರಾ ಇರಬೇಕು. ಚಿತ್ರವನ್ನು 18 ತಿಂಗಳು, ಕಡೇಪಕ್ಷ ಒಂದು ವರ್ಷ ಇಡಬೇಕು. ಅದೇ ವರ್ಷ ಜೂನಿನಲ್ಲಿ ತಮಿಳುನಾಡಿನ ಸಾತಾನ್‌ಕುಳಂ ಠಾಣೆಯಲ್ಲಿ ಅಪ್ಪ ಮಗ ಇಬ್ಬರನ್ನೂ ಹೊಡೆದು, ಇಬ್ಬರೂ ಸತ್ತರು. ಅಲ್ಲೂ ಕ್ಯಾಮೆರಾ ಇತ್ತು. ಚಿತ್ರ ದಿನದಿನಕ್ಕೆ ಅಳಿಸಿಹೋಗುವ ಹಾಗೆ ಇಟ್ಟಿದ್ದರು. ಸತ್ಯ ಹೊರಗೆ ಬಂದದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್‌ಕಾನ್‌ಸ್ಟೇಬಲ್ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಿದ್ದರಿಂದ. ಇಂಥವರೂ ಇದ್ದಾರೆ, ಅದನ್ನೂ ಹೇಳಬೇಕು.

ಸಸ್ಪೆಂಡ್ ಆದ ಅಂತ ಪಟಾಕಿ ಹೊಡೆಯೋದು ಬಿಡಿ. ಸಸ್ಪೆಂಡ್ ಅಂದರೆ ಶಿಕ್ಷೆಯಲ್ಲ, ಮನೇಲಿ ಕೂತು ಜೀವನಾಂಶ ತಗೊಳ್ಳೋದು. ನಾವು ಕೇಳಬೇಕಾದ್ದು ಎಫ್.ಐ.ಆರ್. ನಂಬರು, ತನಿಖೆ ಮಾಡೋನು ಯಾವ ಠಾಣೆಯವನು, ಚಾರ್ಜ್‌ಶೀಟು ಯಾವತ್ತು. ಅದರ ಜತೆಗೆ ಘಟನೆಯಾದ ಮಾರನೇ ದಿನವೇ ‘ಇಂಥ ದಿನ, ಇಂಥ ಹೊತ್ತಿನ ಕ್ಯಾಮೆರಾ ಚಿತ್ರ ಅಳಿಸಬಾರದು’ ಅಂತ ಎಸ್.ಪಿ.ಗೆ, ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹೋಗಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಸರ್ಕಾರಿ ಆಸ್ಪತ್ರೆಯ ಗಾಯದ ಸರ್ಟಿಫಿಕೇಟು ಇಲ್ಲದೆ ಮನೆಗೆ ಬರಬೇಡಿ.

ಊಟ ಆದಮೇಲೆ ಯಾರೂ ಎದ್ದು ಹೋಗಬೇಡಿ. ಬಿಳಿ ಹಾಳೆ, ಪೆನ್ನು ತಂದಿದ್ದೀವಿ. ಕೇರಿಗೆ ಇಬ್ಬರಂತೆ ಕೂತು ಆ ಅರ್ಜಿಯನ್ನು ಬರೆಯೋಣ. ಓದು ಬಾರದವರು ಹೇಳ್ತಾ ಹೋಗಿ, ಪಕ್ಕದವರು ಬರಕೊಳ್ತಾರೆ.